ಸೂತ್ರ ಹಾಕಿದರೆ −2, ಪುಸ್ತಕದಲ್ಲಿ ‘ಡೈವರ್ಜ್’: ಇಂಪ್ರಾಪರ್ ಇಂಟಿಗ್ರಲ್ ಬಗ್ಗೆ ಒಂದು ಪ್ರಶ್ನೆ

ಮೂರನೇ_ಸೆಮ್

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಓದುತ್ತಿದ್ದೇನೆ. ಇಂಪ್ರಾಪರ್ ಇಂಟಿಗ್ರಲ್ (ಫಂಕ್ಷನ್ ಅಥವಾ ಮಿತಿ ಅನಂತಕ್ಕೆ ಹೋಗುವ ಇಂಟಿಗ್ರಲ್) ಪಾಠ ಈಗಷ್ಟೇ ಶುರುವಾಗಿದೆ.

1/ಎಕ್ಸ್² ಅನ್ನು −1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಿ ಅಂತ ಒಂದು ಲೆಕ್ಕ ಇದೆ. ಇಂಟಿಗ್ರೇಟ್ ಮಾಡಿದರೆ −1/ಎಕ್ಸ್. ಮೇಲಿನ ಮಿತಿ ಹಾಕಿದರೆ −1, ಕೆಳಗಿನ ಮಿತಿ ಹಾಕಿದರೆ 1. ಕಳೆದರೆ −2. ಪುಸ್ತಕದ ಹಿಂದೆ ಮಾತ್ರ ‘ಡೈವರ್ಜ್ ಆಗುತ್ತದೆ’, ಅಂದರೆ ನಿಶ್ಚಿತ ಬೆಲೆ ಇಲ್ಲ, ಅಂತಿದೆ. 1/ಎಕ್ಸ್² ಯಾವಾಗಲೂ ಪಾಸಿಟಿವ್. ಅದರ ಕೆಳಗಿನ ವಿಸ್ತೀರ್ಣ ನೆಗೆಟಿವ್ ಹೇಗಾಗುತ್ತದೆ ಅನ್ನುವುದೂ ಗೊತ್ತಾಗಲಿಲ್ಲ.

ಇನ್ನೊಂದು: 1/ಎಕ್ಸ್ ಅನ್ನು −1ರಿಂದ 1ರವರೆಗೆ ತೆಗೆದುಕೊಂಡರೆ ಎಡಗಡೆ ಎಷ್ಟು ಕೆಳಗಿದೆಯೋ ಬಲಗಡೆ ಅಷ್ಟೇ ಮೇಲಿದೆ. ಹಾಗಾದರೆ ಉತ್ತರ 0 ಅಲ್ವಾ? ಪುಸ್ತಕ ಅದಕ್ಕೂ ಡೈವರ್ಜ್ ಅನ್ನುತ್ತದೆ.

ಕಪ್ಪುಹಲಗೆ

ಪಾಸಿಟಿವ್ ಫಂಕ್ಷನ್‌ಗೆ ನೆಗೆಟಿವ್ ವಿಸ್ತೀರ್ಣ ಬಂದ ಕೂಡಲೇ ನೀವು ನಿಂತಿರಲ್ಲ, ಅದೇ ಸರಿಯಾದ ಜಾಗ. ಅಲ್ಲಿಂದಲೇ ಹೊರಡೋಣ.

ಮೇಲಿನ ಮಿತಿಯಲ್ಲಿ ಕೆಳಗಿನ ಮಿತಿ ಕಳೆಯುವ ನಿಯಮಕ್ಕೆ ಒಂದು ಷರತ್ತು ಇದೆ. ಫಂಕ್ಷನ್ ಆ ಇಡೀ ಅಂತರದಲ್ಲಿ ಕಂಟಿನ್ಯೂಯಸ್ ಆಗಿರಬೇಕು. ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಈ ಎಚ್ಚರಿಕೆ ಇದೆ. ನಾವೆಲ್ಲ ಅದನ್ನು ದಾಟಿ ಮುಂದಿನ ಉದಾಹರಣೆಗೆ ಹೋಗಿಬಿಡುತ್ತೇವೆ. ಇಲ್ಲಿ ಎಕ್ಸ್ = 0 ಹತ್ತಿರ ಫಂಕ್ಷನ್ ಅನಂತಕ್ಕೆ ಏರುತ್ತದೆ. ಹಾಗಾಗಿ ಆ ನಿಯಮ ಇಲ್ಲಿ ನಡೆಯುವುದಿಲ್ಲ. −2 ಅನ್ನುವುದು ಯಾವ ವಿಸ್ತೀರ್ಣವೂ ಅಲ್ಲ.

ಈಗ ಸರಿಯಾದ ದಾರಿ. ಕೆಟ್ಟ ಜಾಗದಲ್ಲಿ, ಅಂದರೆ ಇಲ್ಲಿ 0ಯಲ್ಲಿ, ಕತ್ತರಿಸಿ. ಬಲಗಡೆಯ ತುಂಡನ್ನು ಮಾತ್ರ ನೋಡಿ. 0 ಬದಲು ಎ ಅನ್ನುವ ಚಿಕ್ಕ ಸಂಖ್ಯೆಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿ. ಬರುವುದು 1/ಎ − 1. ಎ = 0.1 ಆದರೆ 9. ಎ = 0.01 ಆದರೆ 99. ಎ = 0.001 ಆದರೆ 999. ಇದು ಎಲ್ಲೂ ನಿಲ್ಲುವುದಿಲ್ಲ. ಒಂದು ತುಂಡು ಹೋದರೆ ಇಡೀ ಇಂಟಿಗ್ರಲ್ ಹೋಯಿತು. ಎಡಗಡೆ ನೋಡುವ ಅಗತ್ಯವೇ ಇಲ್ಲ.

ಇಷ್ಟೇ ವ್ಯಾಖ್ಯೆ. ಕೆಟ್ಟ ಜಾಗ ಎಷ್ಟಿವೆಯೋ ಅಷ್ಟು ಕಡೆ ಕತ್ತರಿಸಬೇಕು. ಅನಂತವೂ ಒಂದು ಕೆಟ್ಟ ಜಾಗವೇ. ಪ್ರತಿ ತುಂಡಿಗೂ ಒಂದೇ ಒಂದು ಕೆಟ್ಟ ತುದಿ ಇರಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಲಿಮಿಟ್ ತೆಗೆಯಬೇಕು. ಎಲ್ಲ ಲಿಮಿಟ್‌ಗಳೂ ಸಿಕ್ಕರೆ ಮಾತ್ರ ಕೂಡಿಸಬೇಕು.

ಪೈಥಾನ್_ಪ್ರಿಯ

ಕಂಪ್ಯೂಟರ್‌ಗೆ ಇದೇ ಲೆಕ್ಕ ಕೊಟ್ಟರೆ ಏನಾಗುತ್ತದೆ ನೋಡಿ. −1ರಿಂದ 1ರವರೆಗೆ ಸಮ ಪಟ್ಟಿಗಳನ್ನು ಮಾಡಿ, ಪ್ರತಿ ಪಟ್ಟಿಯ ಮಧ್ಯಬಿಂದುವಿನ ಬೆಲೆ ತೆಗೆದುಕೊಂಡು ಕೂಡಿಸಿದೆ. ಪಟ್ಟಿಗಳ ಸಂಖ್ಯೆ ಸಮಸಂಖ್ಯೆ ಆದರೆ 0 ಯಾವತ್ತೂ ಮಧ್ಯಬಿಂದು ಆಗುವುದಿಲ್ಲ. ಸೊನ್ನೆಯಿಂದ ಭಾಗಿಸಿದ ದೋಷವೂ ಬರುವುದಿಲ್ಲ.

10 ಪಟ್ಟಿಗೆ 47.35 ಬಂತು. 100 ಪಟ್ಟಿಗೆ 491.5. 1000 ಪಟ್ಟಿಗೆ 4932.8. ಪ್ರೋಗ್ರಾಂ ಒಂದು ಸಲವೂ ತಕರಾರು ತೆಗೆಯಲಿಲ್ಲ. ಯಾರಾದರೂ 10 ಪಟ್ಟಿಗೇ ನಿಲ್ಲಿಸಿದರೆ ಉತ್ತರ 47 ಅಂತ ಬರೆದುಕೊಂಡು ಹೋಗುತ್ತಾರೆ. ಪಟ್ಟಿ ಹತ್ತರಷ್ಟು ಮಾಡಿದಾಗಲೆಲ್ಲ ಉತ್ತರವೂ ಸುಮಾರು ಹತ್ತರಷ್ಟು ಆಗುತ್ತಿದೆ ಅನ್ನುವುದನ್ನು ನಾವೇ ಗಮನಿಸಬೇಕು.

ಮೂರನೇ_ಸೆಮ್

ಧನ್ಯವಾದ, ಈಗ ಮೊದಲ ಪ್ರಶ್ನೆ ಸ್ಪಷ್ಟವಾಯಿತು. ಆದರೆ 1/√ಎಕ್ಸ್ ಕೂಡ 0 ಹತ್ತಿರ ಅನಂತಕ್ಕೇ ಏರುತ್ತದೆ. ಅದು 0ಯಿಂದ 1ರವರೆಗೆ 2 ಅಂತ ಉತ್ತರ ಕೊಡುತ್ತದೆ. ಎರಡೂ ಏರುತ್ತವೆ, ಒಂದಕ್ಕೆ ಉತ್ತರ ಇದೆ, ಇನ್ನೊಂದಕ್ಕೆ ಇಲ್ಲ. ಯಾಕೆ?

ಕಪ್ಪುಹಲಗೆ

ಎಷ್ಟು ವೇಗವಾಗಿ ಏರುತ್ತದೆ ಅನ್ನುವುದರ ಮೇಲೆ ಇಡೀ ವಿಷಯ ನಿಂತಿದೆ. 1/ಎಕ್ಸ್^ಪಿ ತೆಗೆದುಕೊಳ್ಳಿ. 0ಯಿಂದ 1ರವರೆಗೆ ಆದರೆ ಉತ್ತರ ಸಿಗಲು, ಅಂದರೆ ಕನ್ವರ್ಜ್ ಆಗಲು, ಪಿ 1ಕ್ಕಿಂತ ಕಡಿಮೆ ಇರಬೇಕು. 1ರಿಂದ ಅನಂತದವರೆಗೆ ಆದರೆ ಪಿ 1ಕ್ಕಿಂತ ಜಾಸ್ತಿ ಇರಬೇಕು. ಪಿ = 1 ಎರಡು ಕಡೆಯೂ ಸೋಲುತ್ತದೆ. ಹಾಗಾಗಿ 0ಯಿಂದ ಅನಂತದವರೆಗೆ 1/ಎಕ್ಸ್^ಪಿ ಯಾವ ಪಿಗೂ ಕನ್ವರ್ಜ್ ಆಗುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ.

ಈ ಎರಡು ನಿಯಮಗಳನ್ನು ಬಾಯಿಪಾಠ ಮಾಡುವ ಬದಲು ಒಂದು ಚಿತ್ರ ಬರೆಯಿರಿ. ವೈ = 1/√ಎಕ್ಸ್ ಗ್ರಾಫ್ ಬರೆದು ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ ನೋಡಿ. ಎಕ್ಸ್ ಮತ್ತು ವೈ ಅದಲುಬದಲಾದರೆ ಅದೇ ಗೆರೆ 1/ವೈ² ಆಗುತ್ತದೆ. 0ಯಿಂದ 1ರವರೆಗಿನ 1/√ಎಕ್ಸ್ ಕೆಳಗಿನ ಜಾಗದಲ್ಲಿ ಎರಡು ಭಾಗ ಇದೆ. ಕೆಳಗೆ 1 × 1 ಚೌಕ, ವಿಸ್ತೀರ್ಣ 1. ಅದರ ಮೇಲೆ ತೆಳ್ಳಗೆ ಏರುವ ಬಾಲ. ಆ ಬಾಲ ಅಂದರೆ 1ರಿಂದ ಅನಂತದವರೆಗಿನ 1/ವೈ². ಅದರ ವಿಸ್ತೀರ್ಣವೂ 1. ಒಟ್ಟು 2. ನಿಮ್ಮ ಉತ್ತರ ಬಂತು. 0 ಹತ್ತಿರದ ತೊಂದರೆ, ಅನಂತದ ತೊಂದರೆ ಎರಡೂ ಒಂದೇ ಆಕಾರವನ್ನು ಎರಡು ದಿಕ್ಕಿನಿಂದ ನೋಡಿದ್ದು.

ಸರ್ಕ್ಯೂಟ್_ಮನೆ

ನಾನು ಎಂಜಿನಿಯರ್, ಗಣಿತದವನಲ್ಲ. ಆದರೆ 1/ಎಕ್ಸ್² ಅನಂತದವರೆಗೆ ಕನ್ವರ್ಜ್ ಆಗುವುದು ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕು. ಭೂಮಿಯ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಒಂದು ವಸ್ತುವನ್ನು ನೆಲದಿಂದ ಅನಂತ ದೂರಕ್ಕೆ ಒಯ್ಯಲು ಬೇಕಾದ ಶಕ್ತಿ ಅಂದರೆ 1/ಆರ್²ನ ಇಂಪ್ರಾಪರ್ ಇಂಟಿಗ್ರಲ್. ಅದು ಕನ್ವರ್ಜ್ ಆಗುವುದರಿಂದ ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್ ವೇಗ ಇದ್ದರೆ, ಗಾಳಿಯ ತಡೆ ಬಿಟ್ಟರೆ, ವಸ್ತು ಮತ್ತೆ ವಾಪಸ್ ಬರುವುದಿಲ್ಲ. ಸೆಳೆತ 1/ಆರ್ ಪ್ರಕಾರ ಕಡಿಮೆಯಾಗುವಂತಿದ್ದರೆ ಎಷ್ಟೇ ವೇಗ ಕೊಟ್ಟರೂ ವಸ್ತು ಒಂದು ದಿನ ವಾಪಸ್ ಬೀಳುತ್ತಿತ್ತು.

ಮೂರನೇ_ಸೆಮ್

1/ಎಕ್ಸ್ 1ರಿಂದ ಅನಂತದವರೆಗೆ ಡೈವರ್ಜ್ ಆಗುವ ವಿಷಯ ಮನಸ್ಸು ಒಪ್ಪುತ್ತಿಲ್ಲ. ಗ್ರಾಫ್ ನೋಡಿದರೆ ಸೊನ್ನೆಗೆ ಅಂಟಿಕೊಂಡು ಹೋಗುತ್ತದೆ. ಅಂಥದ್ದರ ವಿಸ್ತೀರ್ಣ ಅನಂತ ಹೇಗೆ?

ಕಪ್ಪುಹಲಗೆ

1ರಿಂದ 10ರವರೆಗೆ ವಿಸ್ತೀರ್ಣ ಲಾಗ್ 10, ಅಂದರೆ ಸುಮಾರು 2.303. ಇಲ್ಲಿ ಲಾಗ್ ಅಂದರೆ ನ್ಯಾಚುರಲ್ ಲಾಗ್. 10ರಿಂದ 100ರವರೆಗೆ ಮತ್ತೆ 2.303. 100ರಿಂದ 1000ದವರೆಗೆ ಮತ್ತೆ ಅಷ್ಟೇ. ಎತ್ತರ ಹತ್ತನೇ ಒಂದು ಭಾಗ ಆಗುತ್ತದೆ, ಅಗಲ ಹತ್ತರಷ್ಟು ಆಗುತ್ತದೆ. ಪ್ರತಿ ಸಲವೂ ಅದೇ 2.303 ಸೇರುತ್ತಾ ಹೋದರೆ ಮೊತ್ತ ನಿಲ್ಲುವುದಾದರೂ ಹೇಗೆ?

ಪೈಥಾನ್_ಪ್ರಿಯ

ಇದನ್ನು ಕಂಪ್ಯೂಟರ್‌ನಲ್ಲಿ ನೋಡಿ ಕಂಡುಹಿಡಿಯಲು ಆಗುವುದಿಲ್ಲ ಅನ್ನುವುದೇ ನನಗೆ ಬಹಳ ಮುಖ್ಯ ಅನ್ನಿಸುವುದು. 1ರಿಂದ ಒಂದು ಕೋಟಿಯವರೆಗೆ ಕೂಡಿಸಿದರೂ ಬರುವುದು 16.1. ವಿಸ್ತೀರ್ಣ 100 ಆಗಬೇಕಾದರೆ ಸುಮಾರು 2.7 × 10⁴³ರವರೆಗೆ ಹೋಗಬೇಕು.

ಇದರ ಪಕ್ಕದಲ್ಲಿ 1/(ಎಕ್ಸ್ (ಲಾಗ್ ಎಕ್ಸ್)²) ಇಟ್ಟು ನೋಡಿ, 2ರಿಂದ ಅನಂತದವರೆಗೆ. ಲಾಗ್ ಎಕ್ಸ್ = ಯು ಅಂತ ಹಾಕಿದರೆ 1/ಯು² ಆಗುತ್ತದೆ. ಉತ್ತರ 1/ಲಾಗ್ 2, ಅಂದರೆ ಸುಮಾರು 1.4427. ಇದು ಕನ್ವರ್ಜ್ ಆಗುತ್ತದೆ. ಆದರೆ ಒಂದು ಕೋಟಿಯವರೆಗೆ ಹೋದರೂ ಇನ್ನೂ 0.062 ಬಾಕಿ ಇರುತ್ತದೆ. ಬಾಕಿ 0.01ಕ್ಕೆ ಇಳಿಯಬೇಕಾದರೆ ಮತ್ತೆ ಅದೇ 2.7 × 10⁴³ರವರೆಗೆ ಹೋಗಬೇಕು. ಪರದೆಯ ಮೇಲೆ ಎರಡೂ ಒಂದೇ ಥರ ಆಮೆ ನಡಿಗೆ. ಒಂದು ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ಇದನ್ನು ಪೆನ್ನು ಹಿಡಿದೇ ತೀರ್ಮಾನ ಮಾಡಬೇಕು.

ಗೆರೆ_ಮತ್ತು_ಬಿಂದು

ಒಂದು ಸೇರಿಸುತ್ತೇನೆ. ‘ಫಂಕ್ಷನ್ ಸೊನ್ನೆಗೆ ಹೋಗದಿದ್ದರೆ ಇಂಟಿಗ್ರಲ್ ಡೈವರ್ಜ್’ ಅಂತ ಸರಣಿಗಳ ಪಾಠದಿಂದ ಎತ್ತಿಕೊಂಡು ಬಂದು ಹೇಳುವವರು ಬಹಳ ಜನ ಇದ್ದಾರೆ. ಇಂಟಿಗ್ರಲ್‌ಗೆ ಅದು ನಿಜವಲ್ಲ. ಸೈನ್(ಎಕ್ಸ್²) ತೆಗೆದುಕೊಳ್ಳಿ. ಅದು ಕೊನೆಯವರೆಗೂ −1 ಮತ್ತು 1ರ ನಡುವೆ ಓಲಾಡುತ್ತಲೇ ಇರುತ್ತದೆ. ಆದರೂ 0ಯಿಂದ ಅನಂತದವರೆಗೆ ಇಂಟಿಗ್ರಲ್ ಇದೆ. ಬೆಲೆ √(ಪೈ/8), ಸುಮಾರು 0.6267. ಮುಂದೆ ಹೋದ ಹಾಗೆ ಅಲೆಗಳು ತೆಳ್ಳಗಾಗುತ್ತವೆ. ಎತ್ತರ ಇಳಿಯದಿದ್ದರೂ ಅಗಲ ಇಳಿಯುತ್ತದೆ. ಯು = ಎಕ್ಸ್² ಹಾಕಿದರೆ ಇದು ಸೈನ್ ಯು/(2√ಯು) ಆಗಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಫ್ರಾನ್ಸಿನ ಫ್ರೆನೆಲ್ 1818ರ ಹೊತ್ತಿಗೆ ಬೆಳಕು ಅಂಚುಗಳಲ್ಲಿ ಬಾಗುವುದನ್ನು ಲೆಕ್ಕ ಹಾಕುವಾಗ ಬಳಸಿದ ಇಂಟಿಗ್ರಲ್‌ಗಳು ಇವೇ.

ಅಂಕಿಸಂಖ್ಯೆ

ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. 1/ಎಕ್ಸ್, −1ರಿಂದ 1. ಉತ್ತರ ಯಾಕೆ 0 ಅಲ್ಲ?

ಎಡಗಡೆ −ಎ ತನಕ ಬನ್ನಿ. ಬರುವುದು ಲಾಗ್ ಎ. ಬಲಗಡೆ ಎ ಇಂದ ಶುರು ಮಾಡಿದರೆ −ಲಾಗ್ ಎ. ಕೂಡಿದರೆ 0. ಸರಿ. ಆದರೆ ಬಲಗಡೆಯೂ ಎ ಇಂದಲೇ ಶುರು ಮಾಡಬೇಕು ಅಂತ ಯಾರು ಹೇಳಿದರು? 2ಎ ಇಂದ ಶುರು ಮಾಡಿ. ಅದೂ ಸೊನ್ನೆಗೇ ಹೋಗುತ್ತದೆ. ಈಗ ಮೊತ್ತ −ಲಾಗ್ 2, ಅಂದರೆ ಸುಮಾರು −0.693. ಎ/2 ಇಂದ ಶುರು ಮಾಡಿದರೆ +0.693. ಎಷ್ಟು ಬೇಕೋ ಅಷ್ಟು ಉತ್ತರ ತರಿಸಬಹುದು. ಕತ್ತರಿಸುವ ಕೈಗೆ ತಕ್ಕಂತೆ ಬದಲಾಗುವ ಸಂಖ್ಯೆಯನ್ನು ವಿಸ್ತೀರ್ಣ ಅನ್ನಲು ಆಗುವುದಿಲ್ಲ.

ಎರಡು ಕಡೆ ಸಮವಾಗಿ ಕತ್ತರಿಸಿ ಬರುವ 0ಗೆ ಪ್ರಿನ್ಸಿಪಲ್ ವ್ಯಾಲ್ಯೂ ಅಂತ ಹೆಸರು. 1820ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ತನ್ನ ಪಾಠಗಳಲ್ಲಿ ಇದನ್ನು ಸ್ಪಷ್ಟವಾಗಿ ಬೇರೆ ಮಾಡಿ ತೋರಿಸಿದ. ಭೌತಶಾಸ್ತ್ರದಲ್ಲಿ ಇದಕ್ಕೆ ಬಹಳ ಉಪಯೋಗ ಇದೆ. ಆದರೆ ಅದು ಇಂಟಿಗ್ರಲ್‌ನ ಬೆಲೆ ಅಲ್ಲ.

ನಮ್ಮ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇದರ ಪೆಟ್ಟು ನೇರವಾಗಿ ಬೀಳುತ್ತದೆ. ಕೋಶಿ ಡಿಸ್ಟ್ರಿಬ್ಯೂಷನ್ ಅಂದರೆ 1/(ಪೈ(1 + ಎಕ್ಸ್²)). ಗ್ರಾಫ್ ಸೊನ್ನೆಯ ಎರಡೂ ಕಡೆ ಸಮ. ಸರಾಸರಿ 0 ಅಂತ ಯಾರಿಗಾದರೂ ಅನ್ನಿಸುತ್ತದೆ. ಸರಾಸರಿಯ ಇಂಟಿಗ್ರಲ್ ಅನ್ನು −ಬಿ ಇಂದ ಬಿ ತನಕ ತೆಗೆದರೆ 0. −ಬಿ ಇಂದ 2ಬಿ ತನಕ ತೆಗೆದು ಬಿಯನ್ನು ಅನಂತಕ್ಕೆ ಕಳಿಸಿದರೆ (ಲಾಗ್ 2)/ಪೈ, ಸುಮಾರು 0.22. ಅಂದರೆ ಸರಾಸರಿ ಇಲ್ಲವೇ ಇಲ್ಲ. ಇದು ಬರೀ ಕಾಗದದ ಮೇಲಿನ ಮಾತಲ್ಲ. ಈ ಡಿಸ್ಟ್ರಿಬ್ಯೂಷನ್‌ನಿಂದ ಸಾವಿರ ಸಂಖ್ಯೆ ತೆಗೆದು ಸರಾಸರಿ ಮಾಡಿ. ಆ ಸರಾಸರಿ ಒಂದೇ ಸಂಖ್ಯೆ ತೆಗೆದಾಗ ಎಷ್ಟು ಚೆಲ್ಲಾಡುತ್ತಿತ್ತೋ ಅಷ್ಟೇ ಚೆಲ್ಲಾಡುತ್ತದೆ. ಹತ್ತು ಲಕ್ಷ ತೆಗೆದರೂ ಅಷ್ಟೇ. ಡೈವರ್ಜ್ ಅನ್ನುವ ಪದ ಡೇಟಾದಲ್ಲಿ ಕಾಣುವುದು ಹೀಗೆ.

ಮೂರನೇ_ಸೆಮ್

ಇದು ತುಂಬಾ ಚೆನ್ನಾಗಿ ಅರ್ಥ ಆಯಿತು. ಇನ್ನೊಂದು ಕೇಳಬೇಕು. ಕನ್ವರ್ಜ್ ಆಗುತ್ತದೋ ಇಲ್ಲವೋ ಅಂತ ಮೊದಲು ಪರೀಕ್ಷೆ ಮಾಡಿ, ಆಮೇಲೆ ಬೆಲೆ ಕಂಡುಹಿಡಿಯಿರಿ ಅನ್ನುತ್ತಾರೆ. ಬೆಲೆ ಬಂದೇ ಬಿಟ್ಟರೆ ಕನ್ವರ್ಜ್ ಆದ ಹಾಗೇ ಅಲ್ವಾ? ಎರಡು ಸಲ ಕೆಲಸ ಯಾಕೆ?

ಗೆರೆ_ಮತ್ತು_ಬಿಂದು

ಲಿಮಿಟ್ ಇಟ್ಟುಕೊಂಡೇ ಬೆಲೆ ತೆಗೆದರೆ ನೀವು ಹೇಳಿದ್ದು ಸರಿ. ಎರಡನೇ ಸಲ ಬೇಕಿಲ್ಲ. ತೊಂದರೆ ಬರುವುದು ಜಾಣ ದಾರಿ ಹಿಡಿದಾಗ. ‘ಇದನ್ನು ಜೆ ಅಂತ ಕರೆಯೋಣ’ ಅಂತ ಶುರು ಮಾಡುತ್ತೇವಲ್ಲ, ಅಲ್ಲಿ.

ನೋಡಿ. 1ರಿಂದ ಅನಂತದವರೆಗೆ 1/ಎಕ್ಸ್ ಅನ್ನು ಜೆ ಅನ್ನೋಣ. ಎಕ್ಸ್ = 2ಯು ಹಾಕಿ. ಒಳಗಿರುವುದು 1/ಯು ಆಗಿಯೇ ಉಳಿಯುತ್ತದೆ. ಕೆಳಗಿನ ಮಿತಿ ಮಾತ್ರ 1/2 ಆಗುತ್ತದೆ. 1/2ರಿಂದ 1ರವರೆಗೆ ಲಾಗ್ 2, ಉಳಿದದ್ದು ಮತ್ತೆ ಜೆ. ಅಂದರೆ ಜೆ = ಲಾಗ್ 2 + ಜೆ. ಎರಡು ಕಡೆ ಜೆ ಹೊಡೆದು ಹಾಕಿದರೆ ಲಾಗ್ 2 = 0. ಪ್ರತಿ ಹೆಜ್ಜೆಯೂ ಸಲೀಸಾಗಿ ಕಾಣುತ್ತದೆ. ಇಲ್ಲದ ಸಂಖ್ಯೆಗೆ ಹೆಸರಿಟ್ಟು ಅದನ್ನೇ ಹೊಡೆದು ಹಾಕಿದ್ದರ ಫಲ ಇದು.

ಕಪ್ಪುಹಲಗೆ

ಈ ಮಾತಿಗೆ ನಮ್ಮ ಮಕ್ಕಳೆಲ್ಲ ಮಾಡಿರುವ ಒಂದು ಲೆಕ್ಕ ಸೇರಿಸಲೇಬೇಕು. 0ಯಿಂದ ಪೈ/2ರವರೆಗೆ ಲಾಗ್ ಸೈನ್ ಎಕ್ಸ್. ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಇದೆ. ಉತ್ತರ −(ಪೈ/2) ಲಾಗ್ 2 ಅಂತ ಎಲ್ಲರಿಗೂ ಬಾಯಿಗೆ ಬರುತ್ತದೆ. ಎಕ್ಸ್ ಸೊನ್ನೆಗೆ ಹೋದಾಗ ಲಾಗ್ ಸೈನ್ ಎಕ್ಸ್ ಮೈನಸ್ ಅನಂತಕ್ಕೆ ಇಳಿಯುತ್ತದೆ, ಅಂದರೆ ಇದೂ ಇಂಪ್ರಾಪರ್ ಇಂಟಿಗ್ರಲ್ಲೇ ಅನ್ನುವುದು ಮಾತ್ರ ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಲೆಕ್ಕ ನಿಮಗೆ ನೆನಪಿರಬಹುದು. ಇಂಟಿಗ್ರಲ್ ಅನ್ನು ಐ ಅನ್ನುತ್ತೇವೆ. ಎಕ್ಸ್ ಜಾಗದಲ್ಲಿ ಪೈ/2 − ಎಕ್ಸ್ ಹಾಕಿದರೆ ಅದೇ ಐ ಲಾಗ್ ಕಾಸ್ ಎಕ್ಸ್‌ನ ಇಂಟಿಗ್ರಲ್ ಕೂಡ ಆಗುತ್ತದೆ. ಎರಡನ್ನೂ ಕೂಡಿದರೆ 2ಐ. ಒಳಗೆ ಲಾಗ್ ಸೈನ್ 2ಎಕ್ಸ್ ಮೈನಸ್ ಲಾಗ್ 2 ಬರುತ್ತದೆ. ಲಾಗ್ ಸೈನ್ 2ಎಕ್ಸ್ ಭಾಗ ಮತ್ತೆ ಐ. ಹಾಗಾಗಿ 2ಐ = ಐ − (ಪೈ/2) ಲಾಗ್ 2. ಒಂದು ಐ ಹೊಡೆದು ಹಾಕುತ್ತೇವೆ. ಈಗ ಮೇಲಿನ ಲಾಗ್ 2 = 0 ನೋಡಿ, ಇದನ್ನು ನೋಡಿ. ಹೆಜ್ಜೆ ಒಂದೇ! ಅಲ್ಲಿ ಸುಳ್ಳು, ಇಲ್ಲಿ ನಿಜ. ವ್ಯತ್ಯಾಸ ಇಷ್ಟೇ: ಇಲ್ಲಿ ಐ ನಿಜವಾದ ಸಂಖ್ಯೆ.

ಅದು ಸಂಖ್ಯೆ ಅಂತ ತೋರಿಸಲು ಎರಡು ಸಾಲು ಸಾಕು. 0ಯಿಂದ ಪೈ/2ರವರೆಗೆ ಸೈನ್ ಎಕ್ಸ್ ಯಾವಾಗಲೂ 2ಎಕ್ಸ್/ಪೈಗಿಂತ ಕಡಿಮೆ ಇರುವುದಿಲ್ಲ. ಹಾಗಾಗಿ ಲಾಗ್ ಸೈನ್ ಎಕ್ಸ್ ಆಳಕ್ಕೆ ಇಳಿಯುವುದು ಲಾಗ್(2ಎಕ್ಸ್/ಪೈ)ಗಿಂತ ಜಾಸ್ತಿ ಅಲ್ಲ. ಬರೀ ಲಾಗ್ ಎಕ್ಸ್ 0ಯಿಂದ 1ರವರೆಗೆ −1 ಕೊಡುತ್ತದೆ. ಎಕ್ಸ್ ಲಾಗ್ ಎಕ್ಸ್ − ಎಕ್ಸ್ ಅನ್ನುವುದರಲ್ಲಿ ಎ ಲಾಗ್ ಎ ಸೊನ್ನೆಗೆ ಹೋಗುತ್ತದೆ. ಎ = 0.001 ಹಾಕಿ ನೋಡಿ, ಆಗಲೇ −0.0069. ಲಾಗ್ ಬಹಳ ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ಕನ್ವರ್ಜ್ ಆಗುತ್ತದೆ.

ನನ್ನ ಕಳಕಳಿ ಇದೇ. ಈ ಎರಡು ಸಾಲು ತರಗತಿಯಲ್ಲಿ ಹೇಳುವುದಕ್ಕೆ ಐದು ನಿಮಿಷ ಸಾಕು. ಹೇಳಿದರೆ ಮಕ್ಕಳಿಗೆ ಲೆಕ್ಕ ಅರ್ಥ ಆಗುತ್ತದೆ, ಹೇಳದಿದ್ದರೆ ಟ್ರಿಕ್ ಆಗಿ ಉಳಿಯುತ್ತದೆ.

ಸರ್ಕ್ಯೂಟ್_ಮನೆ

ನಮ್ಮ ಕಡೆ ಜಾಸ್ತಿ ಬರುವುದು ಸೈನ್ ಎಕ್ಸ್/ಎಕ್ಸ್, 0ಯಿಂದ ಅನಂತದವರೆಗೆ. ಉತ್ತರ ಪೈ/2. ಇದನ್ನು ನಾನು ಮಾಡುವ ದಾರಿ: ಒಳಗೆ ಇ^(−ಟಿ ಎಕ್ಸ್) ಗುಣಿಸಿ ಇಡೀ ಇಂಟಿಗ್ರಲ್ ಅನ್ನು ಟಿಯ ಫಂಕ್ಷನ್ ಮಾಡುತ್ತೇನೆ. ಟಿ ಬಗ್ಗೆ ಡಿಫರೆನ್ಷಿಯೇಟ್ ಮಾಡಿದರೆ ಕೆಳಗಿನ ಎಕ್ಸ್ ಹೋಗುತ್ತದೆ. ಉಳಿಯುವುದು −1/(1 + ಟಿ²). ವಾಪಸ್ ಇಂಟಿಗ್ರೇಟ್ ಮಾಡಿದರೆ ಪೈ/2 − ಟ್ಯಾನ್ ಇನ್ವರ್ಸ್ ಟಿ. ಟಿ = 0 ಹಾಕಿದರೆ ಪೈ/2. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಓದಿದವರಿಗೆ ಇದು ಮನೆ ಮಾತು.

ಗೆರೆ_ಮತ್ತು_ಬಿಂದು

ಒಳ್ಳೆಯ ದಾರಿ. ಕೊನೆಯಲ್ಲಿ ಟಿ = 0 ಹಾಕುವ ಹೆಜ್ಜೆಗೆ ಮಾತ್ರ ಒಂದು ಆಧಾರ ಬೇಕು. ಟಿ 0ಗಿಂತ ಜಾಸ್ತಿ ಇರುವಾಗ ಇ^(−ಟಿ ಎಕ್ಸ್) ಎಲ್ಲವನ್ನೂ ಹಿಡಿತದಲ್ಲಿ ಇಡುತ್ತದೆ. ಟಿ = 0 ಆದಾಗ ಆ ಹಿಡಿತ ಇಲ್ಲ. ಸೈನ್ ಎಕ್ಸ್/ಎಕ್ಸ್ ಕನ್ವರ್ಜ್ ಆಗುವುದು ಮೇಲಿನ ಅಲೆ, ಕೆಳಗಿನ ಅಲೆ ಒಂದನ್ನೊಂದು ಕಳೆಯುವುದರಿಂದ ಮಾತ್ರ. ಎಲ್ಲ ಅಲೆಗಳನ್ನೂ ಮೇಲಕ್ಕೆ ಮಡಚಿದರೆ ಎನ್‌ನೇ ಅಲೆಯ ವಿಸ್ತೀರ್ಣ 2/(ಎನ್ ಪೈ)ಗಿಂತ ಕಡಿಮೆ ಇರುವುದಿಲ್ಲ. 1 + 1/2 + 1/3 + … ಡೈವರ್ಜ್ ಆಗುವುದು ಗೊತ್ತೇ ಇದೆ. ಹಾಗಾಗಿ ಮೊದಲು 1ರಿಂದ ಅನಂತದವರೆಗೆ ಬೈ ಪಾರ್ಟ್ಸ್ ಮಾಡಿ. ಕಾಸ್ ಎಕ್ಸ್/ಎಕ್ಸ್² ಬರುತ್ತದೆ, ಅದು 1/ಎಕ್ಸ್² ಕೆಳಗೆ ಆರಾಮಾಗಿ ಕೂರುತ್ತದೆ. ಇಂಟಿಗ್ರಲ್ ಇದೆ ಅಂತಾಯಿತು. ಅದೇ ಬೈ ಪಾರ್ಟ್ಸ್ ಅನ್ನು ಟಿ ಇಟ್ಟುಕೊಂಡು ಮಾಡಿದರೆ ಬಾಲದ ಭಾಗ ಎಲ್ಲ ಟಿಗೂ ಒಟ್ಟಿಗೇ ಚಿಕ್ಕದಾಗುತ್ತದೆ. ಆಗ ಟಿ = 0 ಹಾಕಬಹುದು.

ಸೈನ್ ಎಕ್ಸ್/ಎಕ್ಸ್ ಬಂದ ಮೇಲೆ ಇದನ್ನು ಹೇಳದೆ ಇರಲು ಆಗುವುದಿಲ್ಲ. ಅದಕ್ಕೆ ಸೈನ್(ಎಕ್ಸ್/3)/(ಎಕ್ಸ್/3) ಗುಣಿಸಿ. ಇಂಟಿಗ್ರಲ್ ಮತ್ತೆ ಪೈ/2. 5ರದ್ದನ್ನೂ ಗುಣಿಸಿ. ಮತ್ತೆ ಪೈ/2. 7, 9, 11, 13ರವರೆಗೂ ಹೋಗಿ. ಪ್ರತಿ ಸಲವೂ ಸರಿಯಾಗಿ ಪೈ/2. 15ರದ್ದನ್ನು ಗುಣಿಸಿದ ಕೂಡಲೇ ಪೈ/2ಗಿಂತ ಸುಮಾರು 2.3 × 10⁻¹¹ ಕಡಿಮೆ! ಡೇವಿಡ್ ಬೋರ್ವೈನ್ ಮತ್ತು ಅವರ ಮಗ ಜೊನಾಥನ್ ಬೋರ್ವೈನ್ 2001ರಲ್ಲಿ ಇದನ್ನು ಪ್ರಕಟಿಸಿದರು. ಹತ್ತನೇ ದಶಮಾಂಶದವರೆಗೆ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಕಾರಣ ಒಂದು ಕೂಡುವ ಲೆಕ್ಕ. 1/3 + 1/5 + … + 1/13 ಅಂದರೆ 0.955. 1/15 ಸೇರಿದರೆ 1.022, ಒಂದನ್ನು ದಾಟಿತು. ಫೂರಿಯೇ ಟ್ರಾನ್ಸ್‌ಫಾರ್ಮ್ (ಫಂಕ್ಷನ್ ಅನ್ನು ಅಲೆಗಳಾಗಿ ಬಿಡಿಸಿ ನೋಡುವ ವಿಧಾನ) ಕಡೆಯಿಂದ ನೋಡಿದರೆ ಸೈನ್ ಎಕ್ಸ್/ಎಕ್ಸ್ ಅಂದರೆ −1ರಿಂದ 1ರವರೆಗೆ ಚಪ್ಪಟೆ ತಲೆಯ ಒಂದು ದಿಬ್ಬ. ಇಂಟಿಗ್ರಲ್‌ನ ಬೆಲೆ ಅಂದರೆ ಆ ದಿಬ್ಬದ ನಡುಮಧ್ಯದ ಎತ್ತರ. ಹೊಸ ಗುಣಕ ಬಂದಾಗಲೆಲ್ಲ ದಿಬ್ಬ ಎರಡೂ ಅಂಚಿನಿಂದ 1/3, 1/5, 1/7 ಅಷ್ಟಷ್ಟು ಒಳಕ್ಕೆ ಸವೆಯುತ್ತದೆ. 13ರವರೆಗೆ ಸವೆತ ನಡುವನ್ನು ಮುಟ್ಟುವುದಿಲ್ಲ. 15ಕ್ಕೆ ಮುಟ್ಟುತ್ತದೆ. ಅಲ್ಲಿಂದ ಎತ್ತರ ಇಳಿಯುತ್ತದೆ.

ಪೈಥಾನ್_ಪ್ರಿಯ

ಅಬ್ಬಾ. ಏಳು ಸಲ ಪೈ/2 ಬಂದರೆ ಎಂಟನೇ ಸಲ ಯಾರು ನೋಡುತ್ತಾರೆ?

ಅಂಕಿಸಂಖ್ಯೆ

ಇ^(−ಎಕ್ಸ್²) ಬಗ್ಗೆ ಯಾರೂ ಹೇಳಲಿಲ್ಲ. ನಾರ್ಮಲ್ ಡಿಸ್ಟ್ರಿಬ್ಯೂಷನ್ ಇಡೀ ಇದರ ಮೇಲೆ ನಿಂತಿದೆ. ಇದರ ಇಂಟಿಗ್ರಲ್ ಅನ್ನು ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳಲ್ಲಿ ಬರೆಯಲು ಆಗುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಲಿಯೂವಿಲ್ 1830ರ ದಶಕದಲ್ಲಿ ಕಟ್ಟಿದ ಸಿದ್ಧಾಂತದಿಂದ ಇದು ಖಚಿತವಾಗಿ ಗೊತ್ತು. ಆದರೂ ಮೈನಸ್ ಅನಂತದಿಂದ ಅನಂತದವರೆಗೆ ಬೆಲೆ √ಪೈ, ಸುಮಾರು 1.7725. ಎಕ್ಸ್ 1 ದಾಟಿದ ಮೇಲೆ ಇದು ಇ^(−ಎಕ್ಸ್)ಗಿಂತ ಕೆಳಗೇ ಇರುತ್ತದೆ, ಹಾಗಾಗಿ ಕನ್ವರ್ಜ್ ಆಗುವುದರಲ್ಲಿ ಅನುಮಾನ ಇಲ್ಲ. ಆಮೇಲೆ ಅದನ್ನೇ ಅದರಿಂದ ಗುಣಿಸಿ ಎರಡು ಆಯಾಮಕ್ಕೆ ಹೋಗಿ ಪೋಲಾರ್ (ಎಕ್ಸ್, ವೈ ಬದಲು ದೂರ ಆರ್ ಮತ್ತು ಕೋನ) ಹಾಕುತ್ತೇವೆ. ಆರ್ ಇ^(−ಆರ್²) ಬರುತ್ತದೆ, ಅದು ಸುಲಭ. ವರ್ಗ ಪೈ, ಹಾಗಾಗಿ ಬೆಲೆ √ಪೈ. ಒಂದು ಆಯಾಮದಲ್ಲಿ ಬಾಗಿಲು ಮುಚ್ಚಿದ್ದರೆ ಎರಡನೇ ಆಯಾಮದಿಂದ ಒಳಗೆ ಬರಬಹುದು ಅಂತ ಮೊದಲ ಸಲ ನೋಡಿದವರಿಗೆ ಖುಷಿಯೇ ಬೇರೆ.

ಗೆರೆ_ಮತ್ತು_ಬಿಂದು

ಇಲ್ಲಿ ರಾಮಾನುಜನ್ ಹೆಸರು ಬರಲೇಬೇಕು. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕ ಮೇಲೆ ಅವರು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕಿತ್ತು. ಆ ವರದಿಗಳ ತುಂಬಾ ಇರುವುದು ಇಂಥ ಇಂಟಿಗ್ರಲ್‌ಗಳೇ. ಇವತ್ತು ಮಾಸ್ಟರ್ ಥಿಯರಂ ಅನ್ನುವುದು ಅಲ್ಲಿದೆ. ಫಂಕ್ಷನ್ ಅನ್ನು (−ಎಕ್ಸ್)^ಎನ್/ಎನ್! ಅನ್ನುವ ಪದಗಳ ಸರಣಿಯಾಗಿ ಬರೆಯಿರಿ. ಎನ್‌ನೇ ಪದದ ಗುಣಕ ಫೈ(ಎನ್) ಆಗಿರಲಿ. ಆಗ ಎಕ್ಸ್^(ಎಸ್−1) ಜೊತೆ ಗುಣಿಸಿ 0ಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡಿದರೆ ಬರುವುದು ಗಾಮಾ(ಎಸ್) × ಫೈ(−ಎಸ್). ಗಾಮಾ ಅಂದರೆ ಫ್ಯಾಕ್ಟೋರಿಯಲ್ ಅನ್ನು ಪೂರ್ಣಾಂಕ ಅಲ್ಲದ ಸಂಖ್ಯೆಗೂ ಹಿಗ್ಗಿಸಿದ ಫಂಕ್ಷನ್; ಎನ್! ಅಂದರೆ ಗಾಮಾ(ಎನ್ + 1).

1/(1 + ಎಕ್ಸ್)ಗೆ ಫೈ(ಎನ್) = ಎನ್! ಆಗುತ್ತದೆ. ಉತ್ತರ ಗಾಮಾ(ಎಸ್) ಗಾಮಾ(1−ಎಸ್), ಅಂದರೆ ಪೈ/ಸೈನ್(ಪೈ ಎಸ್). ಎಸ್ = 1/2 ಹಾಕಿದರೆ 1/(√ಎಕ್ಸ್(1 + ಎಕ್ಸ್))ನ ಇಂಟಿಗ್ರಲ್ ಪೈ. ಎಕ್ಸ್ = ಯು² ಹಾಕಿ ಪರೀಕ್ಷೆ ಮಾಡಿ, 2 ಟ್ಯಾನ್ ಇನ್ವರ್ಸ್ ಬಂದು ಅದೇ ಪೈ ಸಿಗುತ್ತದೆ. ಇಷ್ಟು ಚಿಕ್ಕ ಸೂತ್ರ ಇಷ್ಟು ದೂರ ಕರೆದುಕೊಂಡು ಹೋಗುವುದು ನೋಡಿದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಇದಕ್ಕೂ ಷರತ್ತು ಇದೆ. ಫೈ(ಎನ್) = ಸೈನ್(ಪೈ ಎನ್) ಅಂತ ಇಡಿ. ಎಲ್ಲ ಪೂರ್ಣಾಂಕಕ್ಕೂ ಅದು 0. ಹಾಗಾಗಿ ಫಂಕ್ಷನ್ 0, ಇಂಟಿಗ್ರಲ್ 0. ಸೂತ್ರ ಮಾತ್ರ 0 ಅಲ್ಲದ ಬೆಲೆ ಕೊಡುತ್ತದೆ. ಫೈ ಎಷ್ಟು ವೇಗವಾಗಿ ಬೆಳೆಯಬಹುದು ಅನ್ನುವ ಷರತ್ತನ್ನು ಹಾಕಿ ಗಟ್ಟಿ ಸಾಧನೆ ಕೊಟ್ಟದ್ದು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ.

ಮೂರನೇ_ಸೆಮ್

ಇಷ್ಟು ಹೇಳಿಕೊಟ್ಟಿರಿ, ಎಲ್ಲರಿಗೂ ವಂದನೆಗಳು. ಒಂದು ಲೆಕ್ಕ ನಾನೇ ಮಾಡಿದ್ದೇನೆ, ನೋಡಿ ಹೇಳಿ. ಲಾಗ್ ಎಕ್ಸ್/(1 + ಎಕ್ಸ್²), 0ಯಿಂದ ಅನಂತದವರೆಗೆ.

ಕೆಟ್ಟ ಜಾಗ ಎರಡು: 0 ಮತ್ತು ಅನಂತ. 1ರಲ್ಲಿ ಕತ್ತರಿಸಿದೆ. 0 ಹತ್ತಿರ ಕೆಳಗಿನ 1 + ಎಕ್ಸ್² ಒಂದಕ್ಕಿಂತ ಜಾಸ್ತಿ, ಹಾಗಾಗಿ ಲಾಗ್ ಎಕ್ಸ್‌ಗಿಂತ ಆಳಕ್ಕೆ ಹೋಗುವುದಿಲ್ಲ. ಲಾಗ್ ಎಕ್ಸ್ ಕನ್ವರ್ಜ್ ಆಗುತ್ತದೆ ಅಂತ ಮೇಲೆ ನೋಡಿದೆವು. ಅನಂತದ ಕಡೆ ಲಾಗ್ ಎಕ್ಸ್ ಯಾವಾಗಲೂ √ಎಕ್ಸ್‌ಗಿಂತ ಕಡಿಮೆ. ಹಾಗಾಗಿ ಇಡೀದು 1/ಎಕ್ಸ್^(3/2)ಗಿಂತ ಕಡಿಮೆ. ಪಿ ಒಂದಕ್ಕಿಂತ ಜಾಸ್ತಿ, ಕನ್ವರ್ಜ್. ಎರಡೂ ತುಂಡು ಇವೆ ಅಂತಾದ ಮೇಲೆ ಎಕ್ಸ್ ಜಾಗದಲ್ಲಿ 1/ಎಕ್ಸ್ ಹಾಕಿದೆ. 0ಯಿಂದ 1ರ ತುಂಡು 1ರಿಂದ ಅನಂತದ ತುಂಡಿನ ಮೈನಸ್ ಆಗುತ್ತದೆ. ಕೂಡಿದರೆ 0.

1/ಎಕ್ಸ್‌ಗೆ 0 ಬಂದಾಗ ಅದು ಉತ್ತರ ಅಲ್ಲ ಅಂದಿರಿ. ಇಲ್ಲಿ 0 ನಿಜವಾದ ಉತ್ತರ ಅಂತ ನನಗೆ ಅನ್ನಿಸುತ್ತದೆ. ಸರಿಯಾ?

ಕಪ್ಪುಹಲಗೆ

ಪೂರ್ತಿ ಸರಿ. ಎಡಗಡೆ ಎ ಇಂದ ಕತ್ತರಿಸಿ, ಬಲಗಡೆ ಎಲ್ಲಿ ಬೇಕಾದರೂ ಕತ್ತರಿಸಿ, ಲಿಮಿಟ್ ಮಾತ್ರ 0 ಆಗೇ ಬರುತ್ತದೆ. ಪರೀಕ್ಷೆಯಲ್ಲಿ ಹೀಗೇ ಬರೆಯಿರಿ, ಅದೇ ಕ್ರಮದಲ್ಲಿ.

ಗೆರೆ_ಮತ್ತು_ಬಿಂದು

ಆ ಎರಡು ತುಂಡುಗಳ ಬೆಲೆಯನ್ನೂ ಕಂಡುಹಿಡಿಯಿರಿ. 1/(1 + ಎಕ್ಸ್²) ಅನ್ನು ಸರಣಿಯಾಗಿ ಬಿಡಿಸಿ ಒಂದೊಂದೇ ಪದವನ್ನು ಲಾಗ್ ಎಕ್ಸ್ ಜೊತೆ ಇಂಟಿಗ್ರೇಟ್ ಮಾಡಿದರೆ 1 − 1/9 + 1/25 − 1/49 … ಬರುತ್ತದೆ. ಒಂದು ಕಡೆ ಮೈನಸ್ 0.91596…, ಇನ್ನೊಂದು ಕಡೆ ಪ್ಲಸ್ 0.91596…. ಇದಕ್ಕೆ ಕ್ಯಾಟಲನ್ ಸ್ಥಿರಾಂಕ ಅಂತ ಹೆಸರು. ಇದು ಅಭಾಗಲಬ್ಧ ಸಂಖ್ಯೆಯೋ ಅಲ್ಲವೋ ಅಂತ ಇವತ್ತಿನವರೆಗೂ ಯಾರೂ ಸಾಧಿಸಿಲ್ಲ.

ಮೂರನೇ_ಸೆಮ್

ಸರಣಿಯನ್ನು ಬಿಡಿಸಿ ಪದಪದವಾಗಿ ಇಂಟಿಗ್ರೇಟ್ ಮಾಡಬಹುದು ಅನ್ನುವುದಕ್ಕೂ ಒಂದು ಷರತ್ತು ಇರಬೇಕಲ್ವಾ? ಎಕ್ಸ್ = 1 ಆದಾಗ ಆ ಸರಣಿ ಕನ್ವರ್ಜ್ ಆಗುವುದಿಲ್ಲ.

ಗೆರೆ_ಮತ್ತು_ಬಿಂದು

ಇದೆ. ಸರಿಯಾದ ಪ್ರಶ್ನೆ. ಎನ್ ಪದಗಳಾದ ಮೇಲೆ ಬಾಕಿ ಉಳಿಯುವುದು ಎಕ್ಸ್^(2ಎನ್)/(1 + ಎಕ್ಸ್²), ಚಿಹ್ನೆ ಪ್ಲಸ್ಸೋ ಮೈನಸ್ಸೋ. ಅದನ್ನು ಲಾಗ್ ಎಕ್ಸ್ ಜೊತೆ 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿದರೆ 1/(2ಎನ್ + 1)²ಗಿಂತ ದೊಡ್ಡದಾಗುವುದಿಲ್ಲ. ಎನ್ ಬೆಳೆದ ಹಾಗೆ ಸೊನ್ನೆಗೆ ಹೋಗುತ್ತದೆ. ಬಾಕಿಯನ್ನು ಬರೆದು ತೋರಿಸಿದರೆ ಎಕ್ಸ್ = 1ರ ತೊಂದರೆ ಅಡ್ಡ ಬರುವುದಿಲ್ಲ.